ನಾಲ್ಕು ಜನಕ್ಕೆ ಒಂದು ಟೆಂಟ್

ಮಾರ್ಚ್ 2, ಸೋಮವಾರ

ಮೊದಲಿಗೆ ಸಾರಿ ಕೇಳಿಬಿಡುತ್ತೇನೆ. ಬರೆಯಬಾರದಿತ್ತು, ಬರೆಯುತ್ತಿದ್ದೇನೆ. ಇದು ಸ್ಟ್ಯಾಟಿಸ್ಟಿಕ್ಸ್‌ನ ರಫ್ ನೋಟ್‌ಬುಕ್, ಇದರಲ್ಲಿ ಸರಾಸರಿ ಬಿಟ್ಟು ಬೇರೇನೂ ಇರಬಾರದು. ಡೈರಿ ಬರೆಯುವವರನ್ನು ಕಂಡರೆ ನನಗೆ ಆಗುವುದೂ ಇಲ್ಲ. ಎಂಟು ವರ್ಷ ಹಾಸ್ಟೆಲ್ ಶಾಲೆಯಲ್ಲಿ ಓದಿದ್ದೇನೆ, ಅಲ್ಲಿ ಡೈರಿ ಬರೆದವರೆಲ್ಲ ಒಂದಲ್ಲ ಒಂದು ದಿನ ವಾರ್ಡನ್ ಕೈಗೆ ಸಿಕ್ಕಿಬಿದ್ದರು. ಆದರೆ ಈಗ ನಾನು ಯಾರಿಗೆ ಏನು ಹೇಳಿದರೂ ಅದು ಇನ್ಯಾರಿಗೋ ತಲುಪಬೇಕಾದ ಮಾತಾಗಿಬಿಡುತ್ತದೆ. ಅದಕ್ಕೇ ನೋಟ್‌ಬುಕ್ಕನ್ನು ತಲೆಕೆಳಗು ಮಾಡಿ ಕೊನೆಯ ಪುಟದಿಂದ ಶುರುಮಾಡಿದ್ದೇನೆ. ಲೆಕ್ಚರರ್ ನೋಡಿದರೆ ಸ್ಯಾಂಪಲ್ ಡೇಟಾ ಎನ್ನುತ್ತೇನೆ.

ವಿಷಯ ಏನೆಂದರೆ, ಏಪ್ರಿಲ್ ಮೊದಲ ವಾರ ತಂಗಿಗೆ ರಜೆ. ಅವಳಿಗೆ ಹದಿಮೂರು, ನಾನು ಓದಿದ ಅದೇ ಹಾಸ್ಟೆಲ್‌ನಲ್ಲಿದ್ದಾಳೆ. ಕಳೆದ ರಜೆಯಲ್ಲಿ ಅವಳನ್ನು ಸಮನಾಗಿ ಹಂಚಿಕೊಂಡರು, ಅಮ್ಮನ ಹತ್ತಿರ ಒಂದು ವಾರ, ಅಪ್ಪನ ಹತ್ತಿರ ಒಂದು ವಾರ. ಎಂಟು ತಿಂಗಳಿಂದ ಅಪ್ಪ ಬೇರೆ ಕಡೆ ಬಾಡಿಗೆ ರೂಮಿನಲ್ಲಿದ್ದಾರೆ. ಯಾರಾದರೂ ಕೇಳಿದರೆ ‘ವರ್ಕ್‌ಶಾಪ್‌ಗೆ ಹತ್ತಿರ ಆಗುತ್ತೆ’ ಎನ್ನಬೇಕು. ಮನೆಯಿಂದ ನಾಲ್ಕು ಬಸ್‌ಸ್ಟಾಪು, ಅಷ್ಟೇ ದೂರ.

ಈ ಸಲ ತಂಗಿ ಒಂದೇ ಮಾತು ಹೇಳಿದ್ದಾಳೆ. ನಾಲ್ಕೂ ಜನ ಒಂದೇ ಕಡೆ ಇರುವುದಾದರೆ ಬರುತ್ತಾಳೆ. ಇಲ್ಲದಿದ್ದರೆ ರಜೆಯಲ್ಲೂ ಹಾಸ್ಟೆಲ್‌ನಲ್ಲೇ ಉಳಿಯುತ್ತೇನೆ ಎಂಬ ಫಾರ್ಮ್ ತುಂಬಿ ಕೊಡುತ್ತಾಳೆ. ಕೊಡಲು ಕೊನೆಯ ದಿನ 28.

ಅಮ್ಮನ ಮನೆ ಎಂದರೆ ಅಪ್ಪ ಬರುವುದಿಲ್ಲ. ಅಪ್ಪನ ರೂಮಿನಲ್ಲಿ ಇರುವುದು ಒಂದು ಮಂಚ. ಹಾಗಾಗಿ ನಾನೇ, ಯಾವ ಕೆಟ್ಟ ಗಳಿಗೆಯಲ್ಲೋ ಏನೋ, ‘ಸರೋವರಗಳ ಕಡೆ ಕ್ಯಾಂಪಿಂಗ್ ಹೋಗೋಣ್ವಾ?’ ಎಂದುಬಿಟ್ಟೆ. ಇಬ್ಬರೂ, ಬೇರೆಬೇರೆ ಫೋನಿನಲ್ಲಿ, ‘ಜಾಗ ನೀನೇ ಆರಿಸು’ ಎಂದರು.

ಅಷ್ಟಕ್ಕೆ ಮುಗಿದಿದ್ದರೆ ಈ ಪುಟ ಖಾಲಿ ಇರುತ್ತಿತ್ತು.

ಮಾರ್ಚ್ 4, ಬುಧವಾರ

ಅಮ್ಮ: ‘ನಂಗೆ ಎಲ್ಲಾದ್ರೂ ಸರಿ ಪುಟ್ಟಿ. ಆದ್ರೆ ಬಿಸಿನೀರಿರಬೇಕು. ಬಾತ್‌ರೂಮಿಗೆ ಒಳಗಡೆಯಿಂದ ಚಿಲಕ ಇರಬೇಕು. ನೀರಿನ ಪಕ್ಕ ಬೇಡ, ಥಂಡಿ. ಫೋನ್ ಸಿಗ್ನಲ್ ಇರಬೇಕು. ಕತ್ತಲೇಲಿ ಬೀಳೋ ಹಾಗಿರಬಾರದು, ಲೈಟಿರಲಿ. ಬೇರೇನೂ ಬೇಡ.’

ಅಪ್ಪ: ‘ನಂದೇನೂ ಇಲ್ಲಮ್ಮ. ಸಿಗ್ನಲ್ ಮಾತ್ರ ಇರಬಾರದು. ಲೈಟು, ಜನರೇಟರು, ಅವೆಲ್ಲ ಬೇಡ. ಡೇರೆಯಿಂದ ಕಾಲು ಚಾಚಿದ್ರೆ ನೀರು ಸಿಗಬೇಕು. ಅಷ್ಟೇ.’

ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ನಗರದ ಯಾವ ಮೂಲೆಯಲ್ಲಿ ಯಾರು ಲಿಫ್ಟಿನೊಳಗೆ ಸಿಕ್ಕಿಕೊಂಡರೂ ಇವರ ಫೋನ್ ಬಡಿದುಕೊಳ್ಳುತ್ತದೆ. ಅಮ್ಮ ಲ್ಯಾಬ್‌ನಲ್ಲಿ ಹಲ್ಲುಸೆಟ್ ಮಾಡುವವಳು. ಅವಳ ಫೋನ್ ಬಡಿದುಕೊಳ್ಳುವುದೇ ಇಲ್ಲ. ಅದಕ್ಕೇ ಸಿಗ್ನಲ್ ಬೇಕೇನೋ, ಗೊತ್ತಿಲ್ಲ.

ಸರೋವರಗಳಿರುವ ಕಾಡಿನ ನಕ್ಷೆಯಲ್ಲಿ ಒಟ್ಟು ಆರು ಕ್ಯಾಂಪ್‌ಗಳಿವೆ, ಒಂದರಿಂದ ಆರರವರೆಗೆ ನಂಬರು. ಒಂದನೆಯದರಲ್ಲಿ ಮೈಕ್ ಹಾಕಿ ಆಟ ಆಡಿಸುತ್ತಾರಂತೆ. ಅಪ್ಪ ಅಲ್ಲಿಂದ ನಡೆದೇ ವಾಪಸ್ ಬರುತ್ತಾರೆ. ಎರಡನೆಯದರಲ್ಲಿ ಟೆಂಟೇ ಇಲ್ಲ, ಮರದ ಮನೆಗಳು, ಒಂದು ಮನೆಗೆ ಇಬ್ಬರೇ. ಅಂದರೆ ನಾಲ್ಕು ಬಸ್‌ಸ್ಟಾಪನ್ನು ಕಾಡಿಗೂ ಹೊತ್ತುಕೊಂಡು ಹೋದ ಹಾಗೆ. ಮೂರನೆಯದು ಮರಮಿಲ್ಲಿನ ಪಕ್ಕ, ದಿನವಿಡೀ ಗರಗಸದ ಸದ್ದು. ಐದನೆಯದಕ್ಕೆ ದೋಣಿಯಲ್ಲಿ ಹೋಗಬೇಕು, ಅಮ್ಮನಿಗೆ ಬಸ್ಸಿನಲ್ಲೇ ವಾಂತಿ. ಆರನೆಯದರ ಬಗ್ಗೆ ನಕ್ಷೆಯಲ್ಲಿ ಬರೆದಿರುವುದು ಇಷ್ಟೇ: ‘ಕರಡಿಗಳಿಗೆ ಆಹಾರ ಕೊಡಬೇಡಿ.’ ಉಳಿದದ್ದು ನಾಲ್ಕನೆಯದು. ಅದರಲ್ಲಿ ಬಿಸಿನೀರಿದೆ, ನೀರಿನ ಪಕ್ಕ ಇದೆ, ಲೈಟಿದೆ, ಸಿಗ್ನಲ್ ‘ಕೆಲವೊಮ್ಮೆ’ ಇದೆ. ಅಂದರೆ ಇಬ್ಬರಿಗೂ ಸಮವಾಗಿ ಸಿಟ್ಟು ಬರುವ ಜಾಗ.

ಟೇಬಲ್ ಹಾಕಿದೆ. ಅಡ್ಡಕ್ಕೆ ಕ್ಯಾಂಪು, ಉದ್ದಕ್ಕೆ ಷರತ್ತು, ಪ್ರತಿ ಷರತ್ತಿಗೆ ಹತ್ತರಲ್ಲಿ ಅಂಕ. ಒಟ್ಟು ಕೂಡಿದರೆ ಆರೂ ಕ್ಯಾಂಪಿಗೆ ಹೆಚ್ಚುಕಡಿಮೆ ಒಂದೇ ಅಂಕ. ಒಬ್ಬರು ಹತ್ತು ಕೊಟ್ಟಲ್ಲಿ ಇನ್ನೊಬ್ಬರದು ಸೊನ್ನೆ.

ಕಾಲೇಜು ಹಾಸ್ಟೆಲ್‌ನಲ್ಲಿ ನನ್ನ ರೂಮಿನಲ್ಲಿ ಇರುವವಳು ಮೂರನೇ ವರ್ಷದವಳು. ಸದಾ ಕಂಬಳಿ ಹೊದ್ದು ಓದುವುದರಿಂದ ಎಲ್ಲರೂ ಕಂಬಳಿ ಸೀನಿಯರ್ ಎನ್ನುತ್ತಾರೆ. ದಿನಕ್ಕೆ ನಾಲ್ಕು ವಾಕ್ಯ ಆಡಿದರೆ ಹೆಚ್ಚು. ನನ್ನ ಟೇಬಲ್ ನೋಡಿ ಇವತ್ತಿನ ಒಂದು ವಾಕ್ಯ ಖರ್ಚು ಮಾಡಿದಳು:

‘ನೀನು ಕ್ಯಾಂಪಿಗೆ ಜಾಗ ಹುಡುಕ್ತಿದ್ದೀಯೋ, ಯುದ್ಧ ನಿಲ್ಸೋಕೆ ಜಾಗ ಹುಡುಕ್ತಿದ್ದೀಯೋ?’

ಮಾರ್ಚ್ 5, ಗುರುವಾರ

ರಿವ್ಯೂ ಓದುವುದರಲ್ಲೇ ಲೈಬ್ರರಿ ಅವಧಿ ಮುಗಿಯಿತು. ನಾಲ್ಕನೇ ಕ್ಯಾಂಪಿಗೆ ಒಬ್ಬ ಒಂದೇ ಸ್ಟಾರ್ ಕೊಟ್ಟಿದ್ದಾನೆ: ‘ಮರ ಜಾಸ್ತಿ, ಸರೋವರ ಕಾಣಲ್ಲ.’ ಅದರ ಕೆಳಗೆ ಇನ್ನೊಬ್ಬಳು, ಅವಳದೂ ಒಂದೇ ಸ್ಟಾರ್: ‘ಎಲ್ಲಿ ನೋಡಿದರೂ ಸರೋವರ, ನಡೆಯೋಕೆ ಜಾಗ ಇಲ್ಲ.’ ಮೂರನೆಯವರು: ‘ಕಪ್ಪೆಗಳ ಗಲಾಟೆ. ಆಫೀಸಿಗೆ ದೂರು ಕೊಟ್ಟರೂ ಕ್ರಮ ಕೈಗೊಂಡಿಲ್ಲ.’

ಈ ಮೂವರೂ ನಮ್ಮ ಮನೆಯವರೇ ಇರಬೇಕು.

ಮಾರ್ಚ್ 8, ಭಾನುವಾರ

ತಂಗಿಯ ಫೋನ್. ಭಾನುವಾರ ಒಬ್ಬೊಬ್ಬರಿಗೆ ಹತ್ತು ನಿಮಿಷ, ಹಿಂದೆ ಸಾಲು ನಿಂತಿರುತ್ತದೆ.

‘ಅಕ್ಕಾ, ಆಯ್ತಾ?’

‘ಆಗ್ತಾ ಇದೆ.’

‘ಆಗ್ತಾ ಇದೆ ಅಂದ್ರೆ ಆಗಿಲ್ಲ ಅಂತ. ಅಪ್ಪ ಏನಂದ್ರು?’

‘ತುಂಬಾ ಖುಷಿಯಾಗಿದ್ದಾರೆ.’

‘ಅಮ್ಮ?’

‘ಅವಳಿಗೂ ತುಂಬಾ ಖುಷಿ.’

‘ಹಾಗಾದ್ರೆ ಇಬ್ಬರೂ ಒಂದೇ ಬಸ್ಸಲ್ಲಿ ಬರ್ತಾರಾ?’

ಆಗ ಯಾರೋ ಹಿಂದಿನಿಂದ ‘ಬೇಗ ಮುಗಿಸೇ’ ಎಂದದ್ದು ಕೇಳಿಸಿತು. ನನಗೆ ಅಷ್ಟು ಸಾಕಾಯಿತು. ‘ನೋಡು, ಸಾಲಿದೆ, ಇಡು’ ಎಂದೆ.

ಖಾಲಿ ಹಾಸ್ಟೆಲ್ ಹೇಗಿರುತ್ತದೆ ಎಂದು ನನಗೆ ಗೊತ್ತು. ಆರನೇ ಕ್ಲಾಸಿನಲ್ಲಿ ಸೀತಾಳೆ ಸಿಡುಬು ಬಂದು ರಜೆಯ ಒಂಬತ್ತು ದಿನ ಅಲ್ಲೇ ಇದ್ದೆ. ಇಪ್ಪತ್ತೆಂಟು ಹಾಸಿಗೆ ಮಡಚಿ ಗೋಡೆಗೆ ಒರಗಿಸಿರುತ್ತಾರೆ. ಬೆಲ್ ಮಾತ್ರ ಹೊತ್ತು ಹೊತ್ತಿಗೆ ಹೊಡೆಯುತ್ತದೆ, ಯಾರಿಗೆ ಎಂದು ಗೊತ್ತಿಲ್ಲ.

ಮಾರ್ಚ್ 11, ಬುಧವಾರ

ನಾಳೆ ಇಂಟರ್ನಲ್ಸ್. ಓದಿಲ್ಲ. ‘ನಾಲ್ಕನೇ ಕ್ಯಾಂಪು, ಏಪ್ರಿಲ್ ನಾಲ್ಕರಿಂದ ಎಂಟು, ಆಗಬಹುದಾ?’ ಎಂದು ಇಬ್ಬರನ್ನೂ ಕೇಳಿದ್ದಕ್ಕೆ ಬೆಳಿಗ್ಗೆಯಿಂದ ಆರು ಫೋನು.

ಮಾರ್ಚ್ 14, ಶನಿವಾರ

ಅಮ್ಮನ ಲ್ಯಾಬ್‌ಗೆ ಹೋಗಿದ್ದೆ. ಅವಳು ಟೇಬಲ್ ಲ್ಯಾಂಪ್ ಕೆಳಗೆ ಕೂತು ಗುಲಾಬಿ ಮೇಣವನ್ನು ಸಣ್ಣ ಚಾಕುವಿನಿಂದ ಕೆರೆಯುತ್ತಿದ್ದಳು. ಪಕ್ಕದ ಟ್ರೇನಲ್ಲಿ ಹನ್ನೆರಡು ಜನರ ಹಲ್ಲು ಸಾಲಾಗಿ ಕೂತು ನನ್ನನ್ನು ನೋಡಿ ನಗುತ್ತಿದ್ದವು. ಪ್ಲಾಸ್ಟರ್ ಪುಡಿ ಅಮ್ಮನ ಹುಬ್ಬಿನವರೆಗೂ ಹತ್ತಿತ್ತು.

‘ಕೂತ್ಕೋ. ಆ ಸ್ಟೂಲ್ ಮೇಲೆ ಬೇಡ, ಅಲ್ಲಿ ಒಬ್ಬರ ದವಡೆ ಇದೆ.’

ಕೂತೆ.

‘ಏನಂದ್ರು ನಿಮ್ಮಪ್ಪ?’

ಅಪ್ಪ ನಿನ್ನೆ ಹೇಳಿದ್ದು: ‘ಬಿಸಿನೀರು ಬೇಕಿದ್ರೆ ಹೋಟೆಲ್ಲಿಗೆ ಹೋಗೋಕೆ ಹೇಳು.’

ನಾನು ಹೇಳಿದ್ದು: ‘ಬಿಸಿನೀರಿನ ವ್ಯವಸ್ಥೆ ಎಲ್ಲಿ ಚೆನ್ನಾಗಿದೆ ಅಂತ ಅಪ್ಪನೂ ಯೋಚನೆ ಮಾಡ್ತಿದ್ದಾರೆ.’

ಅಮ್ಮ ಚಾಕು ನಿಲ್ಲಿಸಿದಳು. ‘ಹಾಗಂದ್ರಾ?’

‘ಹೂಂ.’

‘ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ. ಅವರ ಗೊರಕೆಗೆ ಮಾತ್ರ ಬೇರೆ ಟೆಂಟ್ ಹಾಕ್ಸು. ಆ ಸೌಂಡಿಗೆ ಕಾಡಿನ ಪ್ರಾಣಿ ಎಲ್ಲ ನಮ್ಮ ಕಡೆನೇ ಬರ್ತವೆ.’

ಇದನ್ನು ಸಂಜೆ ಅಪ್ಪನಿಗೆ ಫೋನ್‌ನಲ್ಲಿ ಹೀಗೆ ತಲುಪಿಸಿದೆ: ‘ನಿಮ್ಮ ನಿದ್ದೆಗೆ ತೊಂದ್ರೆ ಆಗಬಾರದು ಅಂತ ಅಮ್ಮ ಬೇರೆ ಟೆಂಟ್ ಬಗ್ಗೆ ಯೋಚಿಸ್ತಿದ್ದಾಳೆ. ದಯವಿಟ್ಟು ಬನ್ನಿ ಅಂದಳು.’

ಇದು ಸುಳ್ಳಲ್ಲ, ಹಾಸ್ಟೆಲ್ ಭಾಷೆ. ಅಲ್ಲಿ ಪ್ರತಿ ಶನಿವಾರ ಮನೆಗೆ ಪತ್ರ ಬರೆಸುತ್ತಿದ್ದರು, ವಾರ್ಡನ್ ಮೊದಲು ಓದಿ ಆಮೇಲೆ ಅಂಟಿಸುತ್ತಿದ್ದರು. ‘ಊಟ ಚೆನ್ನಾಗಿಲ್ಲ’ ಎಂದು ಬರೆದರೆ ಕೆಂಪು ಗೆರೆ ಬಿದ್ದು ಪತ್ರ ವಾಪಸ್. ‘ಊಟದಲ್ಲಿ ಶಿಸ್ತು ಇದೆ’ ಎಂದು ತಿದ್ದಿದರೆ ಪಾಸ್. ‘ಅಳು ಬರುತ್ತದೆ’ ಎಂಬುದನ್ನು ನಾನು ‘ನಿಮ್ಮನ್ನು ನೆನೆಯುತ್ತೇನೆ’ ಎಂದು ಬರೆಯಲು ಕಲಿತಾಗ ಹತ್ತು ವರ್ಷ. ನನ್ನ ಪತ್ರ ಒಂದೂ ವಾಪಸ್ ಬಂದಿಲ್ಲ, ಎಂಟು ವರ್ಷದಲ್ಲಿ. ಬೇರೆಯವರು ತಮ್ಮ ಪತ್ರ ತಿದ್ದಿಸಿಕೊಳ್ಳಲು ನನ್ನ ಮಂಚಕ್ಕೆ ಬರುತ್ತಿದ್ದರು.

ಈಗ ಇಬ್ಬರ ಮಾತನ್ನೂ ಒಬ್ಬಳೇ ತಿದ್ದುತ್ತಿದ್ದೇನೆ. ಇಂಟರ್ನಲ್ಸ್‌ನಲ್ಲಿ ಇಪ್ಪತ್ತಕ್ಕೆ ಏಳು.

ಮಾರ್ಚ್ 17, ಮಂಗಳವಾರ

ನಮ್ಮ ಲೈಬ್ರರಿಯ ಲಿಫ್ಟ್ ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತುಬಿಟ್ಟಿತು. ಒಳಗೆ ಯಾರೂ ಇರಲಿಲ್ಲ, ಸದ್ಯ. ರಿಪೇರಿಗೆ ಬಂದದ್ದು ಅಪ್ಪ.

ನನ್ನ ಇಡೀ ಕ್ಲಾಸಿನ ಎದುರಿಗೆ ಮೂರನೇ ಮಹಡಿಯ ಬಾಗಿಲು ತೆಗೆದು, ಹೊಟ್ಟೆಯ ಮೇಲೆ ಮಲಗಿ, ತಲೆಯನ್ನು ಆ ಕತ್ತಲ ಗುಂಡಿಗೆ ಇಳಿಬಿಟ್ಟು ಟಾರ್ಚ್ ಹಾಕಿದರು. ಏಳುವಾಗ ಸೊಂಟ ಹಿಡಿದುಕೊಂಡು ‘ಅಯ್ಯಪ್ಪಾ’ ಎಂದರು. ನಾನು ಮೆಟ್ಟಿಲ ಬಳಿ ಪುಸ್ತಕದ ಹಿಂದೆ ನಿಂತಿದ್ದೆ. ಕಂಡುಹಿಡಿದರು.

‘ಬಾರಮ್ಮ ಇಲ್ಲಿ. ಆ ಬ್ಯಾಗಿಂದ ಹದಿಮೂರರ ಸ್ಪ್ಯಾನರ್ ಕೊಡು.’

ಕೊಟ್ಟೆ.

‘ನಿಮ್ಮಮ್ಮ ದಯವಿಟ್ಟು ಅಂದ್ಳು ಅಂದ್ಯಲ್ಲ ಅವತ್ತು.’

‘ಹೂಂ.’

‘ದಯವಿಟ್ಟು ಅನ್ನೋ ಪದ ಬಳಸಿದ್ಳಾ, ಇಲ್ಲ ಮುಖದಲ್ಲಿ ಹಾಗೆ ಕಾಣ್ತಾ?’

‘ಪದಾನೇ ಬಳಸಿದ್ಳು ಅಪ್ಪ.’

ಅಪ್ಪ ಸ್ಪ್ಯಾನರ್ ತಿರುಗಿಸುವುದನ್ನು ಬಿಟ್ಟು ನನ್ನನ್ನೇ ನೋಡಿದರು. ‘ಇಪ್ಪತ್ತು ವರ್ಷ ಆಯ್ತಮ್ಮ ಮದುವೆಯಾಗಿ. ಮನೆಗೆ ಬೆಂಕಿ ಬಿದ್ರೂ ಅವಳು “ಏನ್ ನೋಡ್ತಿದ್ದೀರಿ, ನೀರು ತನ್ನಿ” ಅನ್ನೋಳೇ ಹೊರತು ದಯವಿಟ್ಟು ಅನ್ನೋಳಲ್ಲ.’

ಲಿಫ್ಟ್ ಗರ್ ಎಂದು ಮೇಲೆ ಬಂತು. ಅಪ್ಪ ಅದರೊಳಗೆ ನಿಂತು ಎರಡು ಸಲ ಹಾರಿ ನೋಡಿದರು. ಎಲ್ಲರೂ ನಕ್ಕರು. ಕಂಬಳಿ ಸೀನಿಯರ್ ಮಾತ್ರ ಹೋಗಿ ಅವರ ಟಾರ್ಚ್ ಎತ್ತಿಕೊಟ್ಟಳು.

ಮಾರ್ಚ್ 18, ಬುಧವಾರ

ನಾಲ್ಕನೇ ಕ್ಯಾಂಪಿನ ಆಫೀಸಿಗೆ ಫೋನ್ ಮಾಡಿದೆ. ಏನು ಕೇಳಬೇಕೆಂದು ಮೊದಲೇ ಬರೆದಿಟ್ಟುಕೊಂಡಿದ್ದೆ, ಹದಿನಾಲ್ಕು ಪ್ರಶ್ನೆ. ಎತ್ತಿದವರು ವಯಸ್ಸಾದ ಹೆಂಗಸು. ಬುಕಿಂಗ್, ಕೀ, ಕಸ, ಎಲ್ಲ ಅವರೇ ನೋಡುವುದಂತೆ.

‘ಏಪ್ರಿಲ್ ನಾಲ್ಕರಿಂದ ಎಂಟಾ? ನಾಲ್ಕು ಜನ, ಇಬ್ಬರು ಹೆಣ್ಣುಮಕ್ಕಳಾ?’

ನಾನಿನ್ನೂ ಹೇಳೇ ಇರಲಿಲ್ಲ. ‘ನಿಮಗೆ ಹೇಗೆ ಗೊತ್ತು ಮೇಡಂ?’

‘ಅಯ್ಯೋ, ನಿಮ್ಮದೇ ಮೂರನೇ ಫೋನು. ಮೊನ್ನೆ ಒಬ್ಬರು ಗಂಡಸರು ಮಾಡಿದ್ರು. ಬಿಸಿನೀರು ಬೆಳಿಗ್ಗೆ ಎಷ್ಟು ಗಂಟೆಗೆ ಬರುತ್ತೆ, ಬಾತ್‌ರೂಮಿಗೆ ಒಳಗಿಂದ ಚಿಲಕ ಇದೆಯಾ ಅಂತ. ಹೋಗಿ ನೋಡಿ ಬಂದು ಹೇಳಿ, ಕಾಯ್ತೀನಿ ಅಂದ್ರು. ಲೈನ್‌ನಲ್ಲೇ ಕಾದ್ರು ಮಹಾರಾಯರು. ನಿನ್ನೆ ಒಬ್ಬರು ಹೆಂಗಸು. ನೆಲದ ಮೇಲೆ ಮಲಗಿದ್ರೆ ಸೊಂಟ ಹಿಡ್ಕೊಳ್ಳೋರಿಗೆ ದಪ್ಪ ಹಾಸಿಗೆ ಸಿಗುತ್ತಾ ಅಂತ. ಆಮೇಲೆ, ನನ್ನ ಮಗಳು ಫೋನ್ ಮಾಡ್ತಾಳೆ, ಗಾಬರಿ ಸ್ವಭಾವ, ಸ್ವಲ್ಪ ನಿಧಾನಕ್ಕೆ ಮಾತಾಡಿ ಅಂದ್ರು. ನಿಧಾನಕ್ಕೆ ಮಾತಾಡ್ತಿದ್ದೀನಾ?’

‘ಮಾತಾಡ್ತಿದ್ದೀರಿ.’

‘ಸರಿ, ಹೇಳಮ್ಮ. ನಿಂಗೇನು ಬೇಕು?’

ಹದಿನಾಲ್ಕು ಪ್ರಶ್ನೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ‘ಆಮೇಲೆ ಮಾಡ್ತೀನಿ’ ಎಂದು ಇಟ್ಟೆ.

ಎಷ್ಟು ಸಿಟ್ಟು ಬಂತೆಂದರೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ‘ಜಾಗ ನೀನೇ ಆರಿಸು’ ಅನ್ನುವುದು, ಆಮೇಲೆ ಬೆನ್ನ ಹಿಂದೆ ಇಬ್ಬರೂ ಚೆಕ್ ಮಾಡುವುದು! ನನ್ನ ಮೇಲೆ ಒಂದು ಚೂರೂ ನಂಬಿಕೆ ಇಲ್ಲ. ಅದೂ ಎಂಥ ಪ್ರಶ್ನೆಗಳು. ತಣ್ಣೀರಲ್ಲೇ ಸ್ನಾನ ಮಾಡುವ ಅಪ್ಪನಿಗೆ ಬಿಸಿನೀರಿನ ಟೈಮ್ ಯಾಕೆ? ಹಲಗೆಯ ಮೇಲೂ ನಿದ್ದೆ ಹೊಡೆಯುವ ಅಮ್ಮನಿಗೆ ದಪ್ಪ ಹಾಸಿಗೆ ಯಾಕೆ? ನನ್ನ ಟೇಬಲ್ ತಪ್ಪು ಎಂದು ತೋರಿಸಲು ಇಷ್ಟೆಲ್ಲ.

ಮಾರ್ಚ್ 20, ಶುಕ್ರವಾರ

ಸಿಕ್ಕಿಬಿದ್ದೆ.

ಬೆಳಿಗ್ಗೆ ಎಂಟೂವರೆಗೆ ಅಮ್ಮ: ‘ನಾನು ಆಡದೇ ಇರೋ ಮಾತನ್ನ ನನ್ನ ಬಾಯಿಗೆ ತುರುಕ್ಬೇಡ.’ ಎಂಟೂ ಮುಕ್ಕಾಲಿಗೆ ಅಪ್ಪ: ‘ನಾನು ಆಡದೇ ಇರೋ ಮಾತನ್ನ ನನ್ನ ಬಾಯಿಗೆ ತುರುಕ್ಬೇಡಮ್ಮ.’ ಒಂದು ‘ಅಮ್ಮ’ ಜಾಸ್ತಿ, ಅಷ್ಟೇ ವ್ಯತ್ಯಾಸ.

ಅಪ್ಪ ನಿನ್ನೆ ಅಮ್ಮನಿಗೆ ನೇರ ಫೋನ್ ಮಾಡಿ ‘ದಯವಿಟ್ಟು ಅಂದ್ಯಂತೆ’ ಎಂದು ಕೇಳಿದರಂತೆ. ‘ನಾನಾ? ನಿಮಗಾ?’ ಎಂದಳಂತೆ. ಅಲ್ಲಿಂದ ಒಂದೊಂದೇ ಮಾತು ಬಿಚ್ಚಿ, ಯಾವುದು ಅಸಲಿ, ಯಾವುದು ನನ್ನ ಕೈಕೆಲಸ ಎಂದು ಬೇರ್ಪಡಿಸಿದ್ದಾರೆ. ಇಬ್ಬರೂ ಸೇರಿ ನಲವತ್ತು ನಿಮಿಷ ಮಾತಾಡಿದ್ದಾರೆ. ಎಂಟು ತಿಂಗಳಲ್ಲಿ ಮೊದಲ ಸಲ, ಅದೂ ನನ್ನನ್ನು ಬೈಯುವ ವಿಷಯಕ್ಕೆ.

‘ಎಂಟು ತಿಂಗಳೂ ಹೀಗೇ ಹೇಳ್ತಿದ್ಯಾ?’ ಎಂದು ಅಮ್ಮ ಕೇಳಿದಳು.

ಹೂಂ ಎಂದೆ.

‘ಹಾಗಾದ್ರೆ ಅವತ್ತು ನಂಗೆ ಜ್ವರ ಬಂದಾಗ ಅವರು ವಿಚಾರಿಸಿದ್ದೂ...’

‘ಅದು ನಿಜ ಅಮ್ಮ. ಅದು ನಿಜವಾಗ್ಲೂ ಕೇಳಿದ್ರು.’

‘ಈಗ ನಾನು ಹೇಗೆ ನಂಬ್ಲಿ?’

ಇಟ್ಟುಬಿಟ್ಟಳು. ಆ ಒಂದು ಸಲ ನಾನು ಒಂದಕ್ಷರವೂ ಸೇರಿಸಿರಲಿಲ್ಲ.

ಮಾರ್ಚ್ 21, ಶನಿವಾರ

ತೀರ್ಪು ಬಂದಿದೆ. ಇಬ್ಬರೂ ಒಂದೇ ಸಲಕ್ಕೆ ಬರುವುದಿಲ್ಲ. ‘ಅವಳು ಕರೆದೇ ಇಲ್ಲ ಅಂದ್ಮೇಲೆ ನಾನು ಯಾಕೆ ಹೋಗ್ಲಿ?’ ಇದು ಅಪ್ಪ. ‘ಅವರಾಗೇ ಒಂದು ಮಾತು ಕೇಳಿಲ್ಲ, ನಾನೇ ಮೇಲೆ ಬಿದ್ದು ಹೋದ ಹಾಗಾಗುತ್ತೆ.’ ಇದು ಅಮ್ಮ. ಮೊದಲ ಎರಡು ದಿನ ಅಪ್ಪ, ಕೊನೆಯ ಎರಡು ದಿನ ಅಮ್ಮ. ಮಧ್ಯಾಹ್ನ ಒಬ್ಬರು ಬಸ್ ಇಳಿದ ಮೇಲೆ ಇನ್ನೊಬ್ಬರು ಹತ್ತುವುದು. ಆಫೀಸಿನಲ್ಲಿ ಶಿಫ್ಟ್ ಬದಲಾಗುವ ಹಾಗೆ.

ತಂಗಿಗೆ ‘ನೀನೇ ಸ್ವಲ್ಪ ಚೆನ್ನಾಗಿ ಹೇಳು’ ಎಂದು ಇಬ್ಬರೂ ಹೇಳಿದ್ದಾರೆ. ಚೆನ್ನಾಗಿ ಹೇಳಿದ್ದಕ್ಕೆ ನಿನ್ನೆ ತಾನೇ ಬೈಸಿಕೊಂಡಿದ್ದೆ.

ಮಾರ್ಚ್ 22, ಭಾನುವಾರ

ಹೇಳಿದೆ. ‘ಎರಡು ದಿನ ಅಪ್ಪನ ಜೊತೆ, ಎರಡು ದಿನ ಅಮ್ಮನ ಜೊತೆ. ಒಂದೇ ಕ್ಯಾಂಪಲ್ಲಿ ಎರಡು ಪಿಕ್‌ನಿಕ್ ಆದ ಹಾಗೆ, ಇನ್ನೂ ಮಜಾ ಅಲ್ವಾ?’



‘ಅಕ್ಕಾ, ನೀನು ವಾರ್ಡನ್ ಥರ ಮಾತಾಡ್ತಿದ್ದೀಯ.’

ಅವಳಿಗಿನ್ನೂ ಆರು ನಿಮಿಷ ಉಳಿದಿತ್ತು. ಇಟ್ಟಳು.

ಮಾರ್ಚ್ 23, ಸೋಮವಾರ

ಕ್ಲಾಸಿಗೆ ಹೋಗಲಿಲ್ಲ. ಅಮ್ಮನ ಫೋನ್ ಬಂತು. ‘ಅವರಿಗೆ ಹೇಳು, ಟಾರ್ಚ್ ಮನೇಲೇ ಇದೆ, ಬೇಕಿದ್ರೆ...’ ನಡುವೆಯೇ ‘ನೀನೇ ಹೇಳು’ ಎಂದೆ. ಅಪ್ಪನ ಫೋನ್ ಬಂತು. ‘ನಿಮ್ಮಮ್ಮಂಗೆ ಹೇಳು...’ ‘ನೀವೇ ಹೇಳಿ ಅಪ್ಪ.’ ಇಬ್ಬರೂ ‘ಯಾಕೆ, ಹುಷಾರಿಲ್ವಾ?’ ಎಂದರು. ಇರಬಹುದು, ತಲೆ ನೋಯುತ್ತಿದೆ.

ಟೇಬಲ್ ಹರಿದು ಹಾಕಿದೆ. ಅದರ ಹಿಂದೆ ಕೋರಿಲೇಶನ್ ಲೆಕ್ಕ ಇತ್ತು, ಅದೂ ಹೋಯಿತು.

ಮಾರ್ಚ್ 25, ಬುಧವಾರ

ಕ್ಯಾಂಪಿನ ಫಾರ್ಮ್ ವಾರದಿಂದ ಮೇಜಿನ ಮೇಲಿತ್ತು. ಎಲ್ಲ ತುಂಬಿ, ‘ಜವಾಬ್ದಾರಿ ವಹಿಸುವ ವಯಸ್ಕರು’ ಎಂಬ ಜಾಗ ಮಾತ್ರ ಬಿಟ್ಟಿದ್ದೆ. ಅಪ್ಪನ ಹೆಸರು ಹಾಕಿದರೆ ಅಮ್ಮ ಏನೆನ್ನುತ್ತಾಳೋ, ಅಮ್ಮನದು ಹಾಕಿದರೆ ಅಪ್ಪ ಏನೆನ್ನುತ್ತಾರೋ. ಇವತ್ತು ಕಂಬಳಿ ಸೀನಿಯರ್ ಪೆನ್ ಹುಡುಕುತ್ತಾ ಬಂದು ಅದನ್ನು ನೋಡಿದಳು.

‘ಹದಿನೆಂಟು ಆಗಿದೆ ತಾನೆ ನಿಂಗೆ?’

‘ಜನವರಿಯಲ್ಲೇ ಆಯ್ತು.’

‘ಮತ್ತೆ?’

ಪೆನ್ ತೆಗೆದುಕೊಂಡು ಹೋದಳು. ನನ್ನ ಹತ್ತಿರ ಇದ್ದದ್ದೇ ಅದೊಂದು. ಅವಳಿಂದಲೇ ವಾಪಸ್ ಕೇಳಿ ಇಸಿದುಕೊಂಡು ನನ್ನ ಹೆಸರು ಬರೆದು ಸಹಿ ಹಾಕಿದೆ. ಅಕ್ಷರ ಸ್ವಲ್ಪ ಸೊಟ್ಟ ಬಂತು.

ಆಫೀಸಿನ ಮೇಡಂಗೆ ಫೋನ್ ಮಾಡಿದೆ.

‘ಓ, ಗಾಬರಿ ಹುಡುಗಿ. ಹೇಳಮ್ಮ.’

‘ಏಪ್ರಿಲ್ ನಾಲ್ಕರಿಂದ ಎಂಟು. ಒಂದು ಟೆಂಟು.’

‘ಎರಡು ಹಾಕ್ಲಾ? ಆ ಹೆಂಗಸು ಗೊರಕೆ ವಿಷಯ ಏನೋ ಹೇಳ್ತಿದ್ರು.’

‘ಬೇಡ. ಒಂದೇ. ನೀರಿನ ಹತ್ತಿರ. ಆ ಮರದ ಕಟ್ಟೆ ನೀರೊಳಗೆ ಹೋಗುತ್ತಲ್ಲ, ಫೋಟೋದಲ್ಲಿ ಇತ್ತು, ಅದರ ಪಕ್ಕ. ನಂಗೆ ಬೆಳಿಗ್ಗೆ ಎದ್ದು ಅಲ್ಲಿ ಕಾಲು ಇಳಿಬಿಟ್ಟು ಕೂತ್ಕೋಬೇಕು.’

‘ಹದಿನೇಳನೇ ಜಾಗ ಹಾಗಾದ್ರೆ. ಕಪ್ಪೆ ಇರ್ತವೆ.’

‘ಇರಲಿ.’

‘ದಪ್ಪ ಹಾಸಿಗೆ ಒಂದು. ಬೆಳಿಗ್ಗೆ ಆರಕ್ಕೆ ಬಿಸಿನೀರು ಒಂದು ಬಕೆಟ್. ಅವತ್ತೇ ಬರ್ಕೊಂಡಿದ್ದೆ, ಇಬ್ಬರೂ “ನಾನೇ ಕೇಳ್ದೆ ಅಂತ ಯಾರಿಗೂ ಹೇಳ್ಬೇಡಿ” ಅಂದಿದ್ರು. ನಂಗೆ ಮರ್ತುಹೋಗಿ ನಿಂಗೆ ಹೇಳ್ಬಿಟ್ಟೆ. ಇರಲಿ ಬಿಡು. ಶುಕ್ರವಾರ ನಾಲ್ಕು ಗಂಟೆವರೆಗೆ ಹಿಡಿದಿಟ್ಟಿರ್ತೀನಿ. ಅಷ್ಟರೊಳಗೆ ಯಾರ್ಯಾರು ಬರ್ತಾರೆ ಅಂತ ಗಟ್ಟಿ ಮಾಡು. ಕಾಡಲ್ಲಿ ತಲೆ ಎಣಿಸಿ ಒಳಗೆ ಬಿಡ್ತೀವಿ, ತಲೆ ಎಣಿಸಿ ಹೊರಗೆ ಬಿಡ್ತೀವಿ.’

ಹದಿನಾಲ್ಕು ಪ್ರಶ್ನೆಯ ಚೀಟಿ ಎಲ್ಲಿಟ್ಟೆನೋ ನೆನಪಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದೆ, ಸಂಜೆವರೆಗೂ ನಿದ್ದೆ.

ಮಾರ್ಚ್ 26, ಗುರುವಾರ

ಇಬ್ಬರಿಗೂ ಒಂದೇ ಮೆಸೇಜ್, ಒಟ್ಟಿಗೆ, ಬೆಳಿಗ್ಗೆ ಹತ್ತಕ್ಕೆ ಕಳಿಸಿದೆ. ಮೂರು ಸಲ ಬರೆದೆ. ಮೊದಲನೆಯದರಲ್ಲಿ ‘ದಯವಿಟ್ಟು’ ನಾಲ್ಕು ಸಲ ಇತ್ತು, ಹೊಡೆದುಹಾಕಿದೆ. ಎರಡನೆಯದು ಬೈಗುಳವೇ ಆಗಿತ್ತು. ಕಳಿಸಿದ್ದರ ನಕಲು ಇಲ್ಲಿ ಇರಲಿ:

ಅಪ್ಪ, ಅಮ್ಮ,

ನಾಲ್ಕನೇ ಕ್ಯಾಂಪು, ಹದಿನೇಳನೇ ಜಾಗ, ನಾಲ್ಕು ಜನಕ್ಕೆ ಒಂದು ಟೆಂಟು. ಜವಾಬ್ದಾರಿ ನನ್ನ ಹೆಸರಿನಲ್ಲಿದೆ. ಸಿಗ್ನಲ್ ಬಂದರೆ ಬರುತ್ತದೆ, ಹೋದರೆ ಹೋಗುತ್ತದೆ. ಎರಡು ದಿನ ಒಬ್ಬರು, ಎರಡು ದಿನ ಇನ್ನೊಬ್ಬರು ಎಂಬುದಕ್ಕೆ ನಾನು ಬುಕ್ ಮಾಡಿಲ್ಲ, ಮಾಡುವುದೂ ಇಲ್ಲ.

ಅಮ್ಮಾ, ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ, ಚಿಲಕ ಇದೆಯಾ ಎಂದು ಕ್ಯಾಂಪಿಗೆ ಫೋನ್ ಮಾಡಿ ಕೇಳಿದ್ದು ಅಪ್ಪ. ಅಪ್ಪಾ, ಸೊಂಟ ನೋವಿನವರಿಗೆ ದಪ್ಪ ಹಾಸಿಗೆ ಕೇಳಿದ್ದು ಅಮ್ಮ. ಇದರಲ್ಲಿ ನಾನು ಏನೂ ಸೇರಿಸಿಲ್ಲ. ನಂಬಿಕೆ ಬರದಿದ್ದರೆ ಅಲ್ಲಿನ ಮೇಡಂ ಅನ್ನು ಕೇಳಿ. ಇನ್ನು ಮುಂದೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ನಾನು ತಲುಪಿಸುವುದಿಲ್ಲ, ಒಳ್ಳೆಯ ಮಾತಾದರೂ ಅಷ್ಟೇ.

ತಂಗಿ ರಜೆಗೆ ಹಾಸ್ಟೆಲ್‌ನಲ್ಲೇ ಉಳಿಯುವ ಫಾರ್ಮ್ ಶನಿವಾರ ಕೊಡುತ್ತಾಳೆ. ನಿಮ್ಮಲ್ಲಿ ಯಾರು ಬರುವುದಿಲ್ಲವೋ ಅವರೇ ನಾಳೆ ಹಾಸ್ಟೆಲ್‌ಗೆ ಫೋನ್ ಮಾಡಿ, ಅವಳನ್ನು ಕರೆಸಿ, ಬರುವುದಿಲ್ಲ ಎಂದು ಅವಳಿಗೆ ಹೇಳಬೇಕು. ನಾನು ಹೇಳುವುದಿಲ್ಲ.

ನಾಳೆ ನಾಲ್ಕು ಗಂಟೆಯೊಳಗೆ ನಾನು ಹೆಸರು ಕೊಡಬೇಕು. ಬೇಗ ಉತ್ತರ ಕೊಡಿ.